ಖಾಲಿ ಹಾಳೆಯ ಕೆಳಗಿನ ಸಹಿ

ಶೇಂಗಾ ಹೋಳಿಗೆ ಈಗ ನನಗೆ ಸೇರುವುದಿಲ್ಲ. ಮನೆಯಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಪಂಚಮಿಗೆ ಹೆಂಡತಿ ಎರಡು ಹೋಳಿಗೆ ತಟ್ಟೆಗೆ ಹಾಕಿದಳು, ನಾನು ಒಂದರ ಅಂಚು ಮುರಿದು ತಟ್ಟೆ ಸರಿಸಿದೆ. "ಸಕ್ಕರಿ ತಪಾಸ ಮಾಡಿಸ್ಕೋರಿ ಒಮ್ಮೆ" ಎಂದಳು. ಇದು ಸಕ್ಕರೆಯ ಮಾತಲ್ಲ. ಆ ತುಪ್ಪದ ವಾಸನೆಯ ಬೆನ್ನಿಗೇ ಒಂದು ರಟ್ಟಿನ ಪ್ಯಾಡು ಕಣ್ಣ ಮುಂದೆ ಬರುತ್ತದೆ. ಅದಕ್ಕೆ ಸಿಕ್ಕಿಸಿದ ಹಾಳೆಗಳು. ಕೊನೆಯ ಹಾಳೆ ಪೂರ್ತಿ ಖಾಲಿ, ತಳದಲ್ಲಿ ಮಾತ್ರ ಒಂಬತ್ತು ಜನರ ಸಹಿಗೆಂದು ಎಳೆದ ಒಂಬತ್ತು ಸಣ್ಣ ಗೆರೆ. ಐದನೆಯದು ನನ್ನದು.

ನಾನು ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಆರು ವರ್ಷ ವಿಶ್ವವಿದ್ಯಾಲಯದ ಒಂದು ಸಮಿತಿಯಲ್ಲಿ ಸದಸ್ಯನಾಗಿದ್ದೆ. ವಿಜ್ಞಾನ, ವಾಣಿಜ್ಯ, ಕಲೆ ಎನ್ನದೆ ಪದವಿಯ ಎಲ್ಲ ವಿದ್ಯಾರ್ಥಿಗಳೂ ತಮ್ಮ ವಿಷಯದ ಹೊರಗಿನ ಒಂದು ಸಾಮಾನ್ಯ ಕೋರ್ಸು ಓದಬೇಕೆಂದು ನಿಯಮವಿದೆ. ಕಾಲೇಜುಗಳಿಂದ ಬಂದ ಪ್ರಸ್ತಾವನೆಗಳಲ್ಲಿ ಯಾವುದನ್ನು ಕಲಿಸಬಹುದು, ಯಾವುದು ಬೇಡ ಎಂದು ಒಪ್ಪಿಗೆ ಕೊಡುವುದು ನಮ್ಮ ಸಮಿತಿಯ ಕೆಲಸ. ಹೇಳುವಾಗ ಇದು ದೊಡ್ಡ ಕೆಲಸದಂತೆ ಕೇಳಿಸುತ್ತದೆ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತನ್ನ ವಿಷಯದ ಆಚೆ ಏನನ್ನು ತಿಳಿದಿರಬೇಕು ಎಂದು ಒಂಬತ್ತು ಜನ ಕೂತು ಯೋಚಿಸುವುದು. ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಒಮ್ಮೆಯೂ ಯಾರೂ ಕೇಳಲಿಲ್ಲ. ಕೇಳುತ್ತಿದ್ದುದು ಒಂದೇ: ಈ ಕೋರ್ಸು ಬಂದರೆ ಯಾವ ವಿಭಾಗಕ್ಕೆ ಎಷ್ಟು ತಾಸು ಪಾಠ ಸಿಗುತ್ತದೆ?

ಸಭೆ ಹನ್ನೊಂದಕ್ಕೆ ಎಂದು ಪತ್ರದಲ್ಲಿರುತ್ತಿತ್ತು, ಹನ್ನೆರಡೂವರೆಗೆ ಕೂಡುತ್ತಿತ್ತು. ದೂರದಿಂದ ಬಂದವರಿಗೆ ಮೂರು ಗಂಟೆಯ ಬಸ್ಸಿನ ಚಿಂತೆ. ಹೀಗಾಗಿ ಒಂದು ಪದ್ಧತಿ ಬೆಳೆದಿತ್ತು. ಗುಮಾಸ್ತರು ಒಂದೇ ಪ್ಯಾಡಿಗೆ ಮೂರು ಹಾಳೆ ಸಿಕ್ಕಿಸಿ ಸುತ್ತು ಬಿಡುತ್ತಿದ್ದರು: ಹಾಜರಿಯದು, ಪ್ರಯಾಣ ಭತ್ಯೆಯದು, ಮೂರನೆಯದು ನಡಾವಳಿಯ ಕೊನೆಯ ಹಾಳೆ. ನಡಾವಳಿ ಎಂದರೆ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂಬುದರ ದಾಖಲೆ. ಸಭೆಯೇ ಇನ್ನೂ ನಡೆದಿಲ್ಲವಾದ್ದರಿಂದ ಆ ಹಾಳೆಯಲ್ಲಿ ಏನೂ ಇರುತ್ತಿರಲಿಲ್ಲ. ಮೂರಕ್ಕೂ ಸಹಿ ಮಾಡಿ ಊಟಕ್ಕೆ ಏಳುತ್ತಿದ್ದೆವು. ಊಟವಾದ ಮೇಲೆ ಅರ್ಧ ತಾಸು ಮಾತು. ತೀರ್ಮಾನಗಳನ್ನು ಅಧ್ಯಕ್ಷರು ಆಮೇಲೆ ಎಂದೋ ಒಂದು ದಿನ ಗುಮಾಸ್ತರಿಗೆ ಹೇಳಿ, ನಮ್ಮ ಸಹಿಗಳ ಮೇಲಿನ ಜಾಗದಲ್ಲಿ ಬರೆಸುತ್ತಿದ್ದರು.

ಮೊದಲ ಸಲ ನಾನು ಕೇಳಿದ್ದೆ ಎಂದು ನನ್ನ ನೆನಪು: "ಇದು ಖಾಲಿ ಐತಲ್ಲರಿ?" ಗುಮಾಸ್ತರು ನಕ್ಕು, "ತುಂಬತೈತ್ರಿ ಸರ, ಬಾವ್ಯಾಗ ನೀರ ತುಂಬಿದಂಗ. ನೀವು ಚಿಂತಿ ಮಾಡಬ್ಯಾಡ್ರಿ" ಎಂದಿದ್ದರು. ಅವರ ಮಾತು ಖಂಡಿತ ನೆನಪಿದೆ. ಆದರೆ ಆ ಪ್ರಶ್ನೆ ನನ್ನದೇ ಎಂದು ಈಗ ಆಣೆ ಮಾಡಲಾರೆ. ಪಕ್ಕದಲ್ಲಿದ್ದವರು ಯಾರೋ ಕೇಳಿದ್ದನ್ನು ನಾನು ಎತ್ತಿಕೊಂಡು ಬಂದಿರಬಹುದು. ಒಳ್ಳೆಯ ಪ್ರಶ್ನೆಗಳನ್ನು ನೆನಪು ಹೀಗೆ ತನ್ನ ಹೆಸರಿಗೆ ಮಾಡಿಕೊಳ್ಳುತ್ತದೆ.

ಸಮಿತಿಯಲ್ಲಿ ನನ್ನ ಕೊನೆಯ ವರ್ಷ ಕೋರ್ಸು ಕಳಿಸಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು, ನಿಡೋಣಿಯವಳು. ತಿಕೋಟಾದ ಕಡೆಯ ಒಂದು ಕಾಲೇಜಿನಲ್ಲಿ ಏಳೆಂಟು ವರ್ಷದಿಂದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಅಲ್ಲಿ ಇಷ್ಟೇ: ಪ್ರತಿವರ್ಷ ಕರೆದರೆ ಬರಬೇಕು, ಕರೆಯದಿದ್ದರೆ ಮನೆಯಲ್ಲಿರಬೇಕು. ಕರೆಯುವುದಕ್ಕೆ ಅವಳ ಪಾಲಿಗೆ ವಾರಕ್ಕೆ ಇಂತಿಷ್ಟು ತಾಸು ಪಾಠ ಇರಬೇಕು. ಆ ವರ್ಷ ಪಠ್ಯಕ್ರಮ ಬದಲಾಗಿ ಅವಳ ತಾಸುಗಳು ಕಡಿಮೆ ಬಿದ್ದಿದ್ದವು. ಒಂದು ಸಾಮಾನ್ಯ ಕೋರ್ಸಿಗೆ ಒಪ್ಪಿಗೆ ಸಿಕ್ಕರೆ ಆ ಕೊರತೆ ತುಂಬುತ್ತಿತ್ತು. ಸಿಗದಿದ್ದರೆ ಜುಲೈನಿಂದ ಅವಳಿಗೆ ಕಾಲೇಜಿಲ್ಲ.

ತಾಸಿಗಾಗಿ ಕೋರ್ಸು ಹುಟ್ಟಿಸುವುದು ಹೊಸತಲ್ಲ, ನಾವೆಲ್ಲ ಮಾಡಿದ್ದೇವೆ. ಬೇರೆ ವಿಶ್ವವಿದ್ಯಾಲಯದ ಪುಟ ಇಳಿಸಿಕೊಂಡು ಹೆಸರು ಬದಲಾಯಿಸಿದರೆ ಆಯಿತು. ಅವಳು ಹಾಗೆ ಮಾಡಿರಲಿಲ್ಲ. ಅವಳ ಕೋರ್ಸಿನ ಹೆಸರು 'ಕಾಗದ ಓದುವುದು'. ಪ್ರಸ್ತಾವನೆ ಕಳಿಸುವ ಮೊದಲು ತನ್ನ ತರಗತಿಯಲ್ಲಿ ಅದನ್ನು ಒಂದು ತಿಂಗಳು ನಡೆಸಿಯೂ ನೋಡಿದ್ದಳು. ಕಾಗದಗಳ ನಕಲಿನ ಒಂದು ಕಟ್ಟು ತಂದು ನನ್ನ ಮನೆಯ ಟೀಪಾಯಿಯ ಮೇಲೆ ಹರಡಿದಳು.

"ಮನ್ಯಾಗ ಯಾರೂ ಓದದ ಒಂದು ಕಾಗದ ತರ್ರಿ ಅಂತ ಹೇಳಿದ್ನಿರಿ ಸರ. ಎಂತೆಂಥಾವು ಬಂದಾವ ನೋಡ್ರಿ."

ಅಜ್ಜಿಯ ಆಸ್ಪತ್ರೆಯ ಚೀಟಿ, ಬೆಳೆ ವಿಮೆಯ ಫಾರ್ಮು, ಹೊಲದ ಪಹಣಿ, ನಮ್ಮ ಕಡೆ ಉತಾರ ಎನ್ನುವುದು. ಒಬ್ಬ ಹುಡುಗಿ ತಂದದ್ದು ಹಕ್ಕು ಬಿಟ್ಟುಕೊಟ್ಟ ಪತ್ರ. ತವರಿನ ಹೊಲದಲ್ಲಿ ತನಗೆ ಪಾಲು ಬೇಡವೆಂದು ಅವಳ ತಾಯಿ ಸಹಿ ಮಾಡಿದ್ದರು. ರೇಶನ್ ಕಾರ್ಡಿಗೆ ಬೇಕೆಂದು ಹೇಳಿ ತವರಿನವರು ಸಹಿ ಮಾಡಿಸಿಕೊಂಡಿದ್ದರಂತೆ. ತಾಯಿ ಹನ್ನೆರಡು ವರ್ಷ ಅದನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು.

"ಆ ಹುಡುಗಿ ಓದಿ ಮುಗಿಸಿ ಏನಂದ್ಲು ಗೊತ್ತೇನ್ರಿ? ಅವ್ವಗ ಹೇಳ್ಲೋ ಬ್ಯಾಡೋ ಅಂದ್ಲು."

ಯಾವ ಕಾಗದಕ್ಕಾದರೂ ಮೂರು ಪ್ರಶ್ನೆ ಕೇಳಬೇಕೆಂದು ಅವಳು ಕಲಿಸಿದ್ದಳು. ಇದನ್ನು ಬರೆದವರು ಯಾರು? ಇದು ಯಾರನ್ನು ಕಟ್ಟಿಹಾಕುತ್ತದೆ? ಖಾಲಿ ಬಿಟ್ಟ ಜಾಗ ಎಲ್ಲಿದೆ? ಖಾಲಿ ಜಾಗ ಕಂಡರೆ ಅದರ ಮೇಲೆ ಅಡ್ಡಗೆರೆ ಎಳೆದು, ಆಮೇಲೆ ಸಹಿ ಮಾಡಬೇಕು. ಇಷ್ಟೇ ಪಾಠ. ನಾನು ಆರು ವರ್ಷದಲ್ಲಿ ನೋಡಿದ ನೂರಾರು ಪ್ರಸ್ತಾವನೆಗಳಲ್ಲಿ ನನಗೆ ಹೊಟ್ಟೆಕಿಚ್ಚು ಆದದ್ದು ಇದೊಂದರ ಬಗ್ಗೆ.

ಕಟ್ಟಿನ ತಳದಲ್ಲಿ ಅವಳ ಕಾಲೇಜಿನದೇ ಪ್ರವೇಶದ ಫಾರ್ಮು ಇತ್ತು. ಅದನ್ನೂ ಒಬ್ಬ ವಿದ್ಯಾರ್ಥಿ ತಂದು ಓದಿಸಿದ್ದ. ಕಾಲೇಜಿನ ಯಾವ ತೀರ್ಮಾನವನ್ನೂ ಪ್ರಶ್ನಿಸುವುದಿಲ್ಲ ಎಂದು ಎಲ್ಲ ಮಕ್ಕಳೂ ಬರೆದುಕೊಟ್ಟಿದ್ದಾರೆಂದು ಆಗ ಗೊತ್ತಾಯಿತು. ಮಾರನೆಯ ದಿನ ಆರು ಜನ ಪ್ರಿನ್ಸಿಪಾಲರ ಕೋಣೆಗೆ ಹೋಗಿ, "ಇದನ್ನ ಯಾರ ಬರದಾರ್ರಿ ಸರ?" ಎಂದು ಕೇಳಿದರು. ಇದನ್ನು ಹೇಳುವಾಗ ಅವಳು ನಗುತ್ತಿದ್ದಳು. ನಾನೂ ನಕ್ಕೆ. ಅಲ್ಲಿಯೇ ಕೆಲಸ ಕೆಟ್ಟಿತು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಸಭೆಯ ದಿನ ಎಂಟು ಕೋರ್ಸುಗಳಿದ್ದವು. ಪ್ಯಾಡು ಬಂತು. ಅಧ್ಯಕ್ಷರು ಬಾಗಿಲಲ್ಲೇ ನಿಂತು, "ಸಹಿ ಮಾಡಿ ಏಳ್ರಿ, ಏಳ್ರಿ. ಹೋಳಿಗಿ ಬಿಸಿ ಅದಾವ. ಆರಿದ ಮ್ಯಾಲೆ ನನ್ನ ಬೈಬ್ಯಾಡ್ರಿ" ಎಂದರು. ಕೆಟ್ಟ ಮನುಷ್ಯರಲ್ಲ ಎಂದೇ ಎಲ್ಲರೂ ಹೇಳುತ್ತಾರೆ. ಬಂದವರನ್ನು ಉಪವಾಸ ಕಳಿಸುವುದಿಲ್ಲ, ಯಾರಿಗೂ ಏರಿದ ದನಿಯಲ್ಲಿ ಮಾತಾಡುವುದಿಲ್ಲ. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ.

ಊಟದ ಮೇಲೆ ಚಹಾ ಅವರ ಕೋಣೆಯಲ್ಲಿ. ಗೋಡೆಗೆ ಒತ್ತಿ ಪುಸ್ತಕದ ಕಟ್ಟುಗಳನ್ನು ಪೇರಿಸಿದ್ದರು, ಚಹಾದ ತಟ್ಟೆಯನ್ನು ಅವುಗಳ ಮೇಲೆಯೇ ಇಟ್ಟಿದ್ದರು. ನಾನು ಕಪ್ಪು ಎತ್ತಿಕೊಳ್ಳುವಾಗ ಕಾಗದ ಹರಿದಲ್ಲಿ ಹೆಸರು ಓದಿದೆ: ಕಡಲ ತೀರದ ಜೀವನ ಮತ್ತು ಉದ್ಯಮ. ಆ ದಿನದ ಪಟ್ಟಿಯ ಮೂರನೆಯ ಕೋರ್ಸು ಅದು. ಒಪ್ಪಿಗೆಗೆ ಇನ್ನೂ ಅರ್ಧ ತಾಸು ಇರುವಾಗಲೇ ಅದರ ಪಠ್ಯಪುಸ್ತಕ ಅಚ್ಚಾಗಿ ಬಂದು ಚಹಾದ ಮೇಜಾಗಿತ್ತು. ಬರೆದವರು ಅಧ್ಯಕ್ಷರ ಶಿಷ್ಯರೊಬ್ಬರು.

ಎಲ್ಲಿಯದೋ ಕರಾವಳಿಯ ಪಠ್ಯಕ್ರಮವನ್ನು ಇದ್ದ ಹಾಗೆ ಎತ್ತಿದ್ದರು, ಊರಿನ ಹೆಸರು ತೆಗೆಯುವುದನ್ನು ಬಿಟ್ಟು ಬೇರೆ ಏನೂ ಮಾಡಿರಲಿಲ್ಲ. ಸಭೆ ಕೂತಾಗ ವಾಣಿಜ್ಯದ ಸದಸ್ಯರು ಕನ್ನಡಕ ಏರಿಸಿ ಓದಿದರು.

"ನಾಲ್ಕನೇ ಘಟಕ ನೋಡ್ರಿ. 'ಸಮೀಪದ ಬಂದರಿಗೆ ಒಂದು ದಿನದ ಭೇಟಿ'. ನಮಗ ಸಮೀಪದ ಬಂದರ ಯಾವುದ್ರೀಪಾ, ಭೂತನಾಳ ಕೆರಿಯೇನು?"

"ಹಡಗ ಇಲ್ಲಾಂದ್ರೇನಾತ್ರಿ, ಎಮ್ಮಿ ಈಜತಾವಲ್ಲ" ಎಂದರು ಇನ್ನೊಬ್ಬರು.

ಎಲ್ಲರೂ ನಕ್ಕರು, ಅಧ್ಯಕ್ಷರೂ ನಕ್ಕರು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ ಎಂದು ನೆನಪು. ನಗುತ್ತ ನಗುತ್ತ ಅದು ಪಾಸಾಯಿತು. ಈಗ ಹೇಸಿಗೆ ಹುಟ್ಟಿಸುವುದು ಆ ಕೋರ್ಸಿಗಿಂತ ಆ ನಗೆ. ತಪ್ಪು ಎಂದು ಗೊತ್ತಿರುವವರ ನಗೆ ಅದು. ನಕ್ಕ ಮೇಲೆ ಇನ್ನು ಆಕ್ಷೇಪಿಸುವ ಹೊಣೆ ಇಲ್ಲ ಎಂಬಂತೆ ನಗುವುದು.

ಏಳನೆಯದು ಅವಳದು. ನಾನು ಎರಡು ನಿಮಿಷ ಮಾತಾಡಿದೆ. ಹಕ್ಕು ಬಿಟ್ಟ ಪತ್ರದ ಸಂಗತಿ ಹೇಳಿದೆ. ಅಧ್ಯಕ್ಷರು ತಲೆದೂಗಿ, "ಚಲೋ ಐತಿ. ಮಕ್ಕಳಿಗೆ ಉಪಯೋಗ ಆಗತೈತಿ" ಎಂದು ಗುಮಾಸ್ತರ ಕಡೆ ತಿರುಗಿ "ಇಟ್ಕೋರಿ" ಎಂದರು. ಅಷ್ಟಕ್ಕೆ ಎಂಟನೆಯದಕ್ಕೆ ಹೋದೆವು. ಮೂರರ ಬಸ್ಸು ಹಿಡಿಯುವವರು ಆಗಲೇ ಚೀಲ ಹೆಗಲಿಗೆ ಹಾಕಿದ್ದರು.

ಅಥಣಿ ರಸ್ತೆಯ ನಮ್ಮ ಬಡಾವಣೆಗೆ ಬಂದು ಗಾಡಿ ನಿಲ್ಲಿಸಿದವನೇ ಅವಳಿಗೆ ಫೋನು ಮಾಡಿದೆ.

"ಪಾಸಾತವಾ."

"ಖರೇನ್ರಿ ಸರ?"

"ನಾನು ಅಲ್ಲೇ ಇದ್ನಲ್ಲ."

ಅವಳು ಕೇಳಿದಳು: "ಬಬಲೇಶ್ವರದ ಸಾಲಿಯವ್ರು ನಾಳಿ ಒಳಗ ಹೇಳಂದಾರ್ರಿ. ಹೈಸ್ಕೂಲಿಗೆ ಕರದಾರ, ಕಾಯಂ ಮಾಡ್ತೀವಂತಾರ. ಹಂಗಾರ ಒಲ್ಲೆ ಅಂತ ಹೇಳಿಬಿಡ್ಲೇನ್ರಿ?"

"ಹೇಳಿಬಿಡು."

ಈ ಒಂದು ಮಾತನ್ನು ಆಡಿದವನು ನಾನೇ ಎಂಬುದರಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇಲ್ಲ. ಇದನ್ನು ಬೇರೆಯವರ ಹೆಸರಿಗೆ ಹಚ್ಚಲು ನೆನಪು ಎಷ್ಟು ಒದ್ದಾಡಿದರೂ ಆಗಿಲ್ಲ.

ನಡಾವಳಿ ಮೂರು ವಾರದ ಮೇಲೆ ವಾಟ್ಸಾಪಿನಲ್ಲಿ ಬಂತು. "ಸಭೆಯು ಸುದೀರ್ಘವಾಗಿ ಚರ್ಚಿಸಿ, ಸರ್ವಾನುಮತದಿಂದ" ಎಂದು ಶುರು. ಕಡಲ ತೀರ ಅಂಗೀಕಾರ. ಏಳನೆಯ ಅಂಶ: 'ಕಾಗದ ಓದುವುದು' ಎಂಬ ಕೋರ್ಸಿನಲ್ಲಿ ಶೈಕ್ಷಣಿಕ ಗಾಂಭೀರ್ಯ ಇಲ್ಲದಿರುವುದರಿಂದ ಪ್ರಸ್ತಾವನೆಯನ್ನು ಕಾಲೇಜಿಗೆ ಮರಳಿಸಲಾಗಿದೆ. ಕೆಳಗೆ ಐದನೆಯ ಗೆರೆಯ ಮೇಲೆ ನನ್ನ ಸಹಿ. ಯಾರೂ ತಿದ್ದಿದ್ದಲ್ಲ, ನಕಲು ಮಾಡಿದ್ದಲ್ಲ, ನನ್ನದೇ ಕೈ, ನನ್ನದೇ ಹಸಿರು ಶಾಯಿ.

ಅಧ್ಯಕ್ಷರಿಗೆ ಫೋನು ಹಚ್ಚಿದೆ. ಅವರು ಮುಚ್ಚುಮರೆ ಮಾಡಲಿಲ್ಲ.

"ಆಕಿ ಪ್ರಿನ್ಸಿಪಾಲ್ರು ಫೋನ್ ಮಾಡಿದ್ರುರೀ. ಭಾಳ ನೊಂದ್ಕೊಂಡಾರ. ಹುಡುಗ್ರು ಕಾಲೇಜಿನ ಫಾರ್ಮ್ ಹಿಡಕೊಂಡು ಮ್ಯಾಲೆ ಬಂದಾರಂತ. ಇವತ್ತ ಅದನ್ನ ತಂದಾರ, ನಾಳಿ ನಮ್ಮ ಕಾಗದ ತರ್ತಾರ. ನಾವ ಕಲಿಸಿ ನಾವ ಬಡಿಸ್ಕೋಬೇಕೇನ್ರಿ?"

"ಸಭಾದಾಗ ಚಲೋ ಐತಿ ಅಂದ್ರಲ್ಲರಿ ನೀವು."

"ಚಲೋ ಐತಿ ಅಂತ ಈಗೂ ಅಂತೀನಿ. ಇಟ್ಕೋರಿ ಅಂದೆ, ಇಟ್ಟೀವಿ. ಮುಂದಿನ ವರ್ಷ ನೋಡೋಣು. ಮತ್ತ ನೀವು ಸಹಿ ಮಾಡೀರಲ್ಲ ಸರ, ಈಗ್ಯಾಕ ತಲಿ ಕೆಡಿಸ್ಕೋತೀರಿ?"

ಇದು ಅನ್ಯಾಯ ಎಂದು ನಾನು ಹೇಳಿ ಫೋನು ಇಟ್ಟೆ. ಹೀಗೆಂದು ಬಹಳ ದಿನ ನಂಬಿದ್ದೆ, ಹೆಂಡತಿಗೂ ಹೇಳಿದ್ದೆ. "ಇಲ್ರಿ, ನಾ ಅಲ್ಲೇ ರೊಟ್ಟಿ ಬಡಿಯಾಕತ್ತಿದ್ದೆ. ನೀವು 'ಆತು ಬಿಡ್ರಿ' ಅಂದ್ರಿ" ಎಂದಳು.

ನನ್ನ ವಿದ್ಯಾರ್ಥಿನಿಗೆ ಇದನ್ನು ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಒಂದು ಶನಿವಾರ ತಿಕೋಟಾಕ್ಕೆ ಹೋದೆ. ದಾರಿಯ ಎರಡೂ ಕಡೆ ದ್ರಾಕ್ಷಿ ಕೊಯ್ಲು ಮುಗಿದಿತ್ತು, ಒಣದ್ರಾಕ್ಷಿಯ ಶೆಡ್ಡುಗಳಿಂದ ಹುಳಿಸಿಹಿ ವಾಸನೆ ಬಸ್ಸಿನೊಳಗೂ ಬರುತ್ತಿತ್ತು. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅವಳು ಕಾಯುತ್ತಿದ್ದಳು. ಅವಳಿಗೆ ಆಗಲೇ ಗೊತ್ತಿತ್ತು. ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ನಡಾವಳಿಯನ್ನು ಗಟ್ಟಿಯಾಗಿ ಓದಿದ್ದರಂತೆ, ಸಹಿ ಮಾಡಿದವರ ಹೆಸರಿನ ಸಮೇತ.

"ಬಬಲೇಶ್ವರದವ್ರು?" ಎಂದೆ.

"ಬ್ಯಾರೆಯವ್ರನ ತಗೊಂಡಾರ್ರಿ." ಚಹಾದ ಲೋಟವನ್ನು ಒಂದು ಸುತ್ತು ತಿರುಗಿಸಿದಳು. "ಒಂದು ಕೇಳ್ಲೇನ್ರಿ ಸರ? ನೀವು ಸಹಿ ಮಾಡೂಮುಂದ ಅದ್ರಾಗ ಏನ ಬರದಿತ್ರಿ?"

"ಏನೂ ಬರದಿರಲಿಲ್ಲ."

ಅವಳು ಸಿಟ್ಟಿಗೇಳುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಿಗೆದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಚೀಲದಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ನನ್ನ ಮುಂದಿಟ್ಟಳು. "ಅದನ್ನ ಬರದು ಕೊಡ್ರಿ. ಕುಲಸಚಿವರಿಗೆ ಅರ್ಜಿ ಹಾಕಾಕತ್ತೀನಿ. ಸಭಾದಾಗ ಪಾಸಾಗಿತ್ತು, ಖಾಲಿ ಹಾಳಿ ಮ್ಯಾಲೆ ಸಹಿ ತಗೊಂಡು ಆಮ್ಯಾಲೆ ಬದಲ ಮಾಡ್ಯಾರ ಅಂತ. ನನ್ನ ಮಾತು ಯಾರು ಕೇಳ್ತಾರ್ರಿ? ಒಳಗ ಇದ್ದವ್ರು ಒಬ್ರು ಬರದ್ರ ಕೋರ್ಸ್ ವಾಪಸ್ ಬರಬೌದು."

ಆರು ವರ್ಷ ಖಾಲಿ ಹಾಳೆಗೆ ಸಹಿ ಮಾಡಿದ್ದೇನೆ ಎಂದು ಬರೆದುಕೊಡುವುದೆಂದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು. ಬರೆದೆ. ಅರ್ಧ ಪುಟ ಆಯಿತು. ಬರೆಯುವಾಗ ನನ್ನ ಬಗ್ಗೆ ನನಗೇ ಸ್ವಲ್ಪ ಗೌರವವೂ ಹುಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ಅವಳು ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕಲಿಲ್ಲ. ಪೆನ್ಸಿಲ್ ತೆಗೆದು, ಮೊದಲ ಸಾಲಿನಿಂದ ಓದತೊಡಗಿದಳು.

"ಇಲ್ಲಿ 'ಪದ್ಧತಿಯಂತೆ ಸಹಿ ಮಾಡಿದೆ' ಅಂತ ಬರದೀರಿ. ಯಾರ ಪದ್ಧತಿರಿ ಸರ?"

ಹೊಡೆದು ಹಾಕಿ, 'ನಾವು ಸದಸ್ಯರೇ ನಡೆಸಿಕೊಂಡು ಬಂದ ಪದ್ಧತಿಯಂತೆ' ಎಂದು ಬರೆದೆ.

"'ಹಿಂಜರಿಯುತ್ತಲೇ' ಅಂತ ಐತಿ. ಖರೇನ ಹಿಂಜರದ್ರೇನ್ರಿ?"

"ಹಿಂಜರಿದಿರಬೇಕು."

"ಇರಬೇಕು ಅಂದ್ರ ಬ್ಯಾಡ್ರಿ. ನೀವು ದಿನಾ ಬರೀತೀರಲ್ಲ, ಅದ್ರಾಗ ಏನೈತಿ?"

ದಿನಚರಿ ಚೀಲದಲ್ಲೇ ಇತ್ತು. ತೆಗೆಯಬಾರದಿತ್ತು ಎನ್ನುವಷ್ಟರಲ್ಲಿ ತೆಗೆದಿದ್ದೆ. ಆ ದಿನದ ಪುಟ ಹುಡುಕಿ ಓದಿದೆ: "ಸಭೆ. ಎಂಟು ಕೋರ್ಸು. ಎಣ್ಣೆಗಾಯಿ ಚೆನ್ನಾಗಿತ್ತು. ಹೋಳಿಗೆ ಎರಡು, ಮೂರನೆಯದು ಒತ್ತಾಯಕ್ಕೆ. ಅವಳದು ಆಯಿತು. ಮೂರೂವರೆಗೆ ಮನೆ." ಖಾಲಿ ಹಾಳೆಯ ಸುದ್ದಿ ಇಲ್ಲ, ಹಿಂಜರಿಕೆ ಇಲ್ಲ. ಎಷ್ಟು ತಿಂದೆ ಎಂಬುದಿದೆ. ಎಷ್ಟೋ ವರ್ಷ ಈ ದಿನಚರಿಯನ್ನು ನಾನು ನನ್ನ ಆತ್ಮಸಾಕ್ಷಿ ಎಂದುಕೊಂಡು ಬರೆದಿದ್ದೆ. ಆ ಹೊತ್ತು ಅದು ಊಟದ ಪಟ್ಟಿಯಾಗಿತ್ತು.

ಅಂಗಡಿಯವರು ಲೋಟ ಎತ್ತಿಕೊಳ್ಳಲು ಬಂದು ನಿಂತರು. "ಏನ್ರಿ ಅಕ್ಕಾರ, ಸರ್ ಅವ್ರ ಪೇಪರ್ ತಪಾಸ ಮಾಡಾಕತ್ತೀರೇನು?"

"ಹೂಂರಿ."

"ಪಾಸೋ ಫೇಲೋ?"

"ಇನ್ನೂ ತಿದ್ದಾಕತ್ತೀನ್ರಿ" ಎಂದಳು, ತಲೆ ಎತ್ತದೆ.

'ಹಿಂಜರಿಯುತ್ತಲೇ' ಹೋಯಿತು. ಮತ್ತೊಂದು ಹಾಳೆಯಲ್ಲಿ ಶುದ್ಧಪ್ರತಿ ಬರೆದೆ. ಅವಳು ಮತ್ತೆ ಓದಿ, ಕೊನೆಯ ಸಾಲಿಗೂ ಸಹಿಯ ಜಾಗಕ್ಕೂ ನಡುವೆ ಇದ್ದ ಎರಡು ಬೆರಳು ಅಗಲದ ಬಿಳಿಯನ್ನು ತೋರಿಸಿ, "ಇಲ್ಲಿ ಗೆರಿ ಎಳೀರಿ" ಎಂದಳು. ಎಳೆದೆ. ಆಮೇಲೆ ಸಹಿ ಮಾಡಿದೆ.

ಒಂದೂವರೆ ತಿಂಗಳ ಮೇಲೆ ವಿಶ್ವವಿದ್ಯಾಲಯದಿಂದ ಕರೆ ಬಂತು. ಅವಳ ಅರ್ಜಿಯ ವಿಚಾರಣೆ. ಕರೆದದ್ದು ನನ್ನೊಬ್ಬನನ್ನೇ. ಉಳಿದ ಎಂಟು ಜನ ತಾವು ನಡಾವಳಿಯನ್ನು ಓದಿಯೇ ಸಹಿ ಮಾಡಿದ್ದಾಗಿ ಬರೆದುಕೊಟ್ಟಿದ್ದರು. ಎಮ್ಮೆಗಳು ಈಜುತ್ತವೆ ಎಂದವರೂ ಬರೆದುಕೊಟ್ಟಿದ್ದರು. ವಿಚಾರಣೆಯ ಅಧಿಕಾರಿ ನನ್ನನ್ನು ಕಾಲು ತಾಸು ಕೇಳಿದರು, ನಾನು ಹೇಳಿದೆ. ಸಭ್ಯರಾಗಿದ್ದರು. ಎಲ್ಲ ಆದಮೇಲೆ ಗಡಿಯಾರ ನೋಡಿ ಗುಮಾಸ್ತರಿಗೆ ಸನ್ನೆ ಮಾಡಿದರು. ಅದೇ ಗುಮಾಸ್ತರು, ಅದೇ ಪ್ಯಾಡು.

"ಇಲ್ಲೊಂದು ಸಹಿ ಮಾಡ್ರಿ ಸರ. ನಿಮ್ಮ ಹೇಳಿಕಿ. ಟೈಪ್ ಆಮ್ಯಾಲೆ ಮಾಡ್ಕೋತೀವಿ, ಊಟಕ್ಕ ಹೊತ್ತಾತು."

ಹಾಳೆ ಖಾಲಿ ಇತ್ತು.

ನನಗೆ ನಗು ಬರಲಿಲ್ಲ. ಖಾಲಿ ಹಾಳೆಗೆ ಸಹಿ ಮಾಡಿದ್ದು ತಪ್ಪೇ ಎಂದು ವಿಚಾರಿಸುವ ಕೋಣೆಯಲ್ಲಿ ಖಾಲಿ ಹಾಳೆಗೆ ಸಹಿ ಕೇಳುತ್ತಿದ್ದರು. ಅದರಲ್ಲಿ ಕುಹಕವೂ ಇರಲಿಲ್ಲ. ಅವರಿಗೆ ಅದು ಕಾಣುತ್ತಲೇ ಇರಲಿಲ್ಲ. ನನಗೂ ಆರು ವರ್ಷ ಕಂಡಿರಲಿಲ್ಲ.

"ಬರೀರಿ. ನಾನು ಕುಂದರ್ತೀನಿ" ಎಂದೆ.

"ಒಂದ್ ತಾಸ ಆಗತೈತ್ರಿ."

"ಆಗ್ಲಿ."

ಅಧಿಕಾರಿ ಊಟಕ್ಕೆ ಎದ್ದರು. ಗುಮಾಸ್ತರು ಬಾಯಲ್ಲಿ ಏನೋ ಗೊಣಗಿ ಹೋದರು. ಪಕ್ಕದ ಕೋಣೆಯಲ್ಲಿ ಡಬ್ಬಿಗಳ ಮುಚ್ಚಳ ತೆಗೆದ ಸದ್ದು, ಕರಿದ ಮೆಣಸಿನಕಾಯಿಯ ವಾಸನೆ. ನಾನು ಆ ಪ್ಯಾಡಿನ ಎದುರು ಒಬ್ಬನೇ ಕೂತಿದ್ದೆ. ಇದು ಧೈರ್ಯವೆಂದು ನಾನು ಬರೆಯುವುದಿಲ್ಲ. ಅವಳ ಪೆನ್ಸಿಲ್ಲು ಅದನ್ನೂ ಹೊಡೆಯುತ್ತಿತ್ತು. ಆ ಹಾಳೆಯನ್ನು ಮುಟ್ಟಲು ಅಸಹ್ಯವಾಗುತ್ತಿತ್ತು, ಅಷ್ಟೇ.

ಟೈಪಾಗಿ ಬಂದಾಗ ಎರಡೂಕಾಲು. ಮೂರು ಸಲ ಓದಿದೆ. ನಾನು ಹೇಳಿದ್ದೆಲ್ಲ ಹೆಚ್ಚುಕಡಿಮೆ ಇತ್ತು. ಕೊನೆಯಲ್ಲಿ ನಾನು ಹೇಳದ ಒಂದು ಸಾಲಿತ್ತು: "ಸಭೆಯ ನಡಾವಳಿಯಲ್ಲಿ ಯಾವುದೇ ಲೋಪವಿಲ್ಲವೆಂದು ಒಪ್ಪುತ್ತೇನೆ."

"ಇದನ್ನ ಯಾರ ಬರದಾರ್ರಿ?" ಎಂದು ಕೇಳಿದೆ.

"ಅದು ಯಾವಾಗ್ಲೂ ಇರತೈತ್ರಿ ಸರ. ನಮೂನಿನ ಹಂಗ ಐತಿ" ಎಂದರು ಗುಮಾಸ್ತರು. ಅವರ ಹಲ್ಲಿನ ಸಂದಿಯಲ್ಲಿ ಇನ್ನೂ ಊಟವಿತ್ತು.

ಆ ಸಾಲು ಹೊಡೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೆ. ಕೆಳಗಿನ ಖಾಲಿ ಜಾಗಕ್ಕೆ ಗೆರೆ ಎಳೆದೆ. ಕೊನೆಗೆ ದೊಡ್ಡ ಸಹಿ.

ಕೋರ್ಸು ವಾಪಸ್ ಬರಲಿಲ್ಲ. ಎಂಟು ಜನರ ಹೇಳಿಕೆಯ ಎದುರು ಒಬ್ಬರ ಹೇಳಿಕೆ ನಿಲ್ಲುವುದಿಲ್ಲ ಎಂದು ಒಂದೂವರೆ ಪುಟದಲ್ಲಿ ಉತ್ತರ ಬಂತು. ನನ್ನ ಹೆಸರು ಸಮಿತಿಯಿಂದ ಹೋಯಿತು. ಕರ್ತವ್ಯದಲ್ಲಿ ಎಚ್ಚರ ವಹಿಸಬೇಕೆಂದು ನನ್ನ ಕಾಲೇಜಿಗೆ ಒಂದು ಪತ್ರವೂ ಬಂತು. ಅದರ ಬಗ್ಗೆ ನನಗೆ ತಕರಾರಿಲ್ಲ, ಅದೊಂದು ಮಾತು ಸರಿಯೇ ಇದೆ. ಕಡಲ ತೀರದ ಕೋರ್ಸು ಈಗ ಅನೇಕ ಕಾಲೇಜುಗಳಲ್ಲಿ ನಡೆಯುತ್ತಿದೆ. ಹೋದ ತಿಂಗಳು ಯಾರೋ ಫೋಟೋ ಕಳಿಸಿದ್ದರು: ಭೂತನಾಳ ಕೆರೆಯ ದಂಡೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ನಲವತ್ತು ಮಕ್ಕಳು, ಮುಂದೆ ಹಿಡಿದ ಬ್ಯಾನರಿನ ಮೇಲೆ 'ಬಂದರು ಭೇಟಿ'. ಅವರಲ್ಲಿ ಒಬ್ಬರೂ ನಗುತ್ತಿರಲಿಲ್ಲ. ನಮ್ಮ ಸಭೆಯ ತಮಾಷೆಯನ್ನು ಅವರು ಹಾಜರಿಗಾಗಿ ನಿಂತು ಮುಗಿಸುತ್ತಿದ್ದರು.

ಅವಳು ಈಗ ನಮ್ಮ ಬಡಾವಣೆಯ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಏಳನೆಯ ತರಗತಿಗೆ ಕನ್ನಡ ಕಲಿಸುತ್ತಾಳೆ. ನಿಡೋಣಿಯಿಂದ ದಿನಾ ಬಸ್ಸು. ಬೆಳಿಗ್ಗೆ ಕೆಲವು ಸಲ ಅವಳು ನಡೆದುಹೋಗುವುದು ನಮ್ಮ ಮನೆಯ ಕಿಟಕಿಯಿಂದ ಕಾಣುತ್ತದೆ. ಒಂದೆರಡು ಬಾರಿ ಚಹಾಕ್ಕೆ ಕರೆಯಬೇಕೆಂದು ಬಾಗಿಲವರೆಗೆ ಬಂದು ನಿಂತಿದ್ದೇನೆ.

ಹೇಳಿಕೆ ಕೊಟ್ಟು ಬಂದ ದಿನ ಅವಳಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದ್ದೆ. ಖಾಲಿ ಹಾಳೆ, ಕಾದದ್ದು, ನಮೂನೆಯ ಸಾಲು. ಕೇಳಿ ಅವಳು ಇಷ್ಟೇ ಅಂದಳು:

"ಗೆರಿ ಎಳದ್ರೇನ್ರಿ?"

"ಎಳದೆ."

"ಚಲೋ ಆತ್ರಿ ಸರ."

ಹೀಗೆಂದು ನನ್ನ ನೆನಪು. ಇದನ್ನು ಬರೆಯುವ ಮುನ್ನ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಅವಳ ಮಾತು "ಆತ್ರಿ" ಎಂದಷ್ಟೇ ಇದೆ. 'ಚಲೋ' ಅಲ್ಲಿಲ್ಲ. ಅದನ್ನು ಆಮೇಲೆ ಸೇರಿಸಿಕೊಂಡವನು ನಾನೇ ಇರಬೇಕು.